ಚಾವಿಯಿಲ್ಲದ ರೈಲು

ಕೊಟ್ಟೂರಿನ ಗುರುಬಸವೇಶ್ವರರ ಜಾತ್ರೆಯಲ್ಲೋ ಮತ್ತೆಲ್ಲೋ ಕೊಂಡ ತಗಡಿನ ರೈಲೊಂದು ಅಟ್ಟದಲ್ಲಿ ಸಿಕ್ಕರೆ, ಗುಜರಿಗೆ ಹಾಕುವ ಮುನ್ನ ತಿರುವಿ ನೋಡಿರಿ. ಚಾವಿಯಿಲ್ಲದಿದ್ದರೆ ಅದು ಘರ್ಷಣೆಯ ಆಟಿಕೆ. ನೆಲಕ್ಕೊತ್ತಿ ತಳ್ಳಿದಾಗ ಗಾಲಿಯ ಚಲನೆ ಹಲ್ಲುಚಕ್ರಗಳ ಮೂಲಕ ಒಳಗಿನ ಭಾರದ ಚಕ್ರವನ್ನು ಅತಿವೇಗದಿಂದ ತಿರುಗಿಸುತ್ತದೆ; ಕೈಬಿಟ್ಟೊಡನೆ ಆ ಚಕ್ರ ಪಡೆದುದನ್ನು ಗಾಲಿಗೆ ಮರಳಿಸುತ್ತದೆ. ಹೆಸರು ಘರ್ಷಣೆಯದು, ದುಡಿಮೆ ಜಡತ್ವದ್ದು!

ಅಡಿಯಲ್ಲಿ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಎಂಬ ಅಚ್ಚಿದ್ದರೆ ಅದು 1945–52ರ ನಡುವಣದು. ತುಕ್ಕಿಗೆ ಹೆದರಿ ಹೊಸ ಬಣ್ಣ ಬಳಿಯುವುದು ಸಂಗ್ರಾಹಕನ ಮಹಾಪರಾಧ. ತಗಡಿನ ಮೇಲಿನ ಮೂಲ ಮುದ್ರಣ ಮತ್ತೆ ಬಾರದು. ಮೆತ್ತನೆಯ ಒಣಬಟ್ಟೆ ಸಾಕು.

ಹಗರಿಬೊಮ್ಮನಹಳ್ಳಿಯ ಮೇಲೆ ಹಾದು ಹೊಸಪೇಟೆಯಿಂದ ಕೊಟ್ಟೂರಿಗೆ 1905ರಲ್ಲಿ ಬಂದ ಮೀಟರ್‌ಗೇಜ್ ಹಳಿ ಈಗ ಬ್ರಾಡ್‌ಗೇಜ್. ಉಗಿಬಂಡಿಯ ಹೊಗೆಗೊಳವೆಯನ್ನು ಅಲ್ಲಿನ ಮಕ್ಕಳು ಮುಟ್ಟಿ ನೋಡಬೇಕಾದರೆ ಇಂಥ ತಗಡೇ ಗತಿ.