ನಿಮಗಿದು ಗೊತ್ತೆ? ಮುರಿಯದೆಯೂ ತೆರೆಯುತ್ತದೆ ಬೀಗ!

ಮಣಿಪಾಲದ ಫ್ಲ್ಯಾಟುಗಳಲ್ಲಿ ಕಾಣುವ ನೈಟ್ ಲ್ಯಾಚ್‌ಗಳಲ್ಲಿ ಹಲವುಗಳ ಒಳಗಿರುವುದು ಪಿನ್ ಟಂಬ್ಲರ್ ಸಿಲಿಂಡರ್. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇದರ ಮೂಲ. ಸ್ಪ್ರಿಂಗ್ ಒತ್ತಿ ಹಿಡಿದ ಐದಾರು ಜೋಡಿ ಪಿನ್ನುಗಳು ಸಿಲಿಂಡರ್ ತಿರುಗದಂತೆ ತಡೆಯುತ್ತವೆ; ಸರಿಯಾದ ಕೀಲಿ ಅವನ್ನು ಬೇಕಾದ ಮಟ್ಟಕ್ಕೆ ಎತ್ತುತ್ತದೆ. ಇದಕ್ಕೆಂದೇ ಕೊರೆದ ಕೀಲಿಗೆ ಪೆಟ್ಟು ಬಿದ್ದರೆ, ಕೇರಂ ಬೋರ್ಡಿನಲ್ಲಿ ಹೊಡೆತ ಒಂದು ಕಾಯಿಯಿಂದ ಅದಕ್ಕೆ ತಾಗಿದ ಇನ್ನೊಂದಕ್ಕೆ ದಾಟುವಂತೆ, ಮೇಲಿನ ಪಿನ್ನುಗಳು ಕ್ಷಣಮಾತ್ರ ಜಿಗಿಯುತ್ತವೆ. ಅಷ್ಟರಲ್ಲಿ ಬೀಗ ತಿರುಗಬಹುದು. ಇದೇ ಲಾಕ್ ಬಂಪಿಂಗ್. ಬಾಗಿಲಿಗೆ ಎದ್ದು ಕಾಣುವ ಗಾಯವಿರುವುದಿಲ್ಲ, ಹಾಗಾಗಿ ಕಳವಾದದ್ದೇ ತಡವಾಗಿ ತಿಳಿಯುತ್ತದೆ.

ಲಿವರ್ ಬೀಗಗಳಲ್ಲಿ ಈ ಜೋಡಿ ಪಿನ್ನುಗಳಿಲ್ಲ. ಬಂಪಿಂಗ್ ಅಲ್ಲಿ ನಡೆಯದು. ಆದರೆ ಮನೆಮಂದಿ ಮುಂಬೈಯಲ್ಲೋ ಗಲ್ಫಿನಲ್ಲೋ ಇದ್ದು, ತಿಂಗಳುಗಟ್ಟಲೆ ಮುಚ್ಚಿರುವ ಕಾಪು, ಕಾರ್ಕಳ ಕಡೆಯ ಮನೆಗಳಿಗೆ ಬಂಪಿಂಗ್‌ಗಿಂತ ದೊಡ್ಡ ಅಪಾಯ ಚಿಲಕವನ್ನೇ ಮೀಟಿ ಕೀಳುವ ಕಬ್ಬಿಣದ ಸರಳು. ಎಷ್ಟೇ ಒಳ್ಳೆಯ ಬೀಗವಿದ್ದರೂ ಅದು ನೇತಾಡುವ ಚಿಲಕ ತೆಳ್ಳಗಿದ್ದು, ಸ್ಕ್ರೂಗಳು ಗಿಡ್ಡವಾಗಿದ್ದರೆ ಏನು ಬಂತು? ಕಡಲ ಗಾಳಿಗೆ ಅವು ತುಕ್ಕು ಹಿಡಿಯುವುದೂ ಬೇಗ.

ಕಳವಿಗೆಂದು ಬೀಗ ತೆರೆದು ಒಳನುಗ್ಗಿದರೆ, ಏನನ್ನೂ ಒಡೆಯದಿದ್ದರೂ ಅದು ಕಾನೂನಿನ ಕಣ್ಣಲ್ಲಿ ಮನೆ ಒಡೆದಂತೆಯೇ. 1860ರ ದಂಡಸಂಹಿತೆಯ 445ನೇ ಕಲಂ ಹೀಗೆಂದಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಂ ಕೂಡ ಹೀಗೇ ಹೇಳುತ್ತದೆ.

ಊರಿಗೆ ಹೊರಡುವ ಮುನ್ನ ಚಿಲಕ ಅಲುಗಾಡಿಸಿ ನೋಡಿ, ಒಳಗಿನಿಂದ ಹಿಂಬಾಗಿಲಿಗೆ ಅಡ್ಡಪಟ್ಟಿ ಹಾಕಿ, ನೆರೆಮನೆಯವರಿಗೂ ಠಾಣೆಗೂ ತಿಳಿಸಿ. ಅನುಮಾನ ಬಂದರೆ 112ಕ್ಕೆ ಕರೆಮಾಡಿ.