ವೈನ್ ಗ್ಲಾಸು ಮುಂದೆ ಬಂದಾಗ

ಕಳೆದ ಡಿಸೆಂಬರಿನ ಮಾತು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಮಂಗಳೂರು ಕಡೆಯ ಕ್ರೈಸ್ತ ಕುಟುಂಬವೊಂದಿದೆ. ಮನೆಯಾಕೆ ಶಾಲೆಯಲ್ಲಿ ಟೀಚರು. ಗೌರಿ ಹಬ್ಬಕ್ಕೆ ನಮ್ಮ ಮನೆಯಿಂದ ಅವರಿಗೆ ಒಬ್ಬಟ್ಟು ಹೋಗುತ್ತದೆ, ಕ್ರಿಸ್‌ಮಸ್ಸಿಗೆ ಅವರಿಂದ ನಮಗೆ ಕುಸ್ವಾರ್ ತಟ್ಟೆ ಬರುತ್ತದೆ. ಈ ಸಲ "ತಟ್ಟೆ ಕಳಿಸೋದಿಲ್ಲ, ನೀವೇ ಬರಬೇಕು" ಎಂದು ಕರೆದರು. ನಾನೂ ನಮ್ಮತ್ತೆಯೂ ಹೋದೆವು.

ಕಲ್‌ಕಲ್, ನೆವ್ರಿ, ಕೇಕು ಎಲ್ಲ ಬಂತು. ಅದರ ಜೊತೆಗೆ ಬೆರಳುದ್ದದ ಎರಡು ಪುಟ್ಟ ಗಾಜಿನ ಲೋಟಗಳಲ್ಲಿ ನೇರಳೆ ಬಣ್ಣದ ಏನೋ ಬಂತು. "ಮನೇಲೇ ಮಾಡಿದ ವೈನು. ನಮ್ಮಮ್ಮ ಹೇಳಿಕೊಟ್ಟ ಹಾಗೆ ಮಾಡಿದ್ದು. ಬೇಕಾದರೆ ಮಾತ್ರ, ಬಲವಂತ ಇಲ್ಲ" ಎಂದರು ಟೀಚರು.

ನನ್ನೆದೆ ಡವಡವ ಎಂದಿತು. ಅತ್ತೆ ಏನನ್ನುತ್ತಾರೋ! ಆದರೆ ಅವರು ನಕ್ಕು, "ನನಗೆ ಕೇಕೇ ಸಾಕಮ್ಮ, ಬಹಳ ಚೆನ್ನಾಗಿದೆ" ಎಂದು ಮಾತು ಮುಗಿಸಿಬಿಟ್ಟರು. ಟೀಚರೂ ನಗುತ್ತಲೇ ಆ ಲೋಟ ಒಳಗಿಟ್ಟು ನಿಂಬೆ ಪಾನಕ ತಂದರು. ಕಷ್ಟಕ್ಕೆ ಸಿಕ್ಕವಳು ನಾನು. ಬೇಡ ಎನ್ನಲು ಸಂಕೋಚ, ಬೇಕು ಎನ್ನಲು ಅದಕ್ಕಿಂತ ಸಂಕೋಚ. ಕೊನೆಗೆ ತುಟಿ ಒದ್ದೆ ಮಾಡಿಕೊಂಡೆ. ನಮ್ಮ ತೋಟಗಳ ನೀಲಿ ದ್ರಾಕ್ಷಿಯದೇ ವಾಸನೆ, ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ನೇರಳೆ ಹಣ್ಣು ತಿಂದ ಹಾಗೆ ನಾಲಿಗೆ ಹಿಡಿಯುವ ಒಗರು. ಗಂಟಲಲ್ಲಿ ಸಣ್ಣ ಬಿಸಿ. ನನಗೆ ರುಚಿಸಲಿಲ್ಲ. ಅಷ್ಟೇ ನನ್ನ ವೈನ್ ಪುರಾಣ!

ಆದರೆ ಸೋದರಿಯರೇ, ಮನೆಗೆ ಬಂದ ಮೇಲೆ ಯೋಚನೆ ಹತ್ತಿತು. ಇಂಥ ಗ್ಲಾಸು ಈಗ ಸಣ್ಣ ಊರಿನ ಗೃಹಿಣಿಯ ಮುಂದೂ ಬರುತ್ತಿದೆ. ಯಜಮಾನರ ಆಫೀಸಿನ ಪಾರ್ಟಿಯಲ್ಲಿ, ಬೆಂಗಳೂರಿನ ತಂಗಿಯ ಮನೆಯಲ್ಲಿ, ಅಮೆರಿಕದ ಮಗಳ ಮನೆಯ ಊಟದ ಮೇಜಿನ ಮೇಲೆ. "ಅಯ್ಯೋ, ಇದು ಬರೀ ದ್ರಾಕ್ಷಿ ರಸ ಆಂಟಿ", "ಇದು ಹೃದಯಕ್ಕೆ ಒಳ್ಳೇದು", "ಚರ್ಮಕ್ಕೆ ಕಾಂತಿ ಬರುತ್ತೆ" ಎನ್ನುವವರಿಗೂ ಕೊರತೆಯಿಲ್ಲ. ಬೇಕೋ ಬೇಡವೋ ಎನ್ನುವ ಮೊದಲು ಅದೇನು ಎನ್ನುವುದು ನಮಗೆ ತಿಳಿದಿರಬೇಡವೇ?

ನಮಗೆ ಹೊಸದೇನಲ್ಲ

ವೈನ್ ಎಂದರೆ ವಿದೇಶದ ಸರಕು ಎಂದುಕೊಳ್ಳುತ್ತೇವೆ. ಆದರೆ ಕೊಡಗಿನ ಮನೆಗಳನ್ನು ನೋಡಿ. ದ್ರಾಕ್ಷಿ, ನೆಲ್ಲಿಕಾಯಿ, ಅನಾನಸ್, ಶುಂಠಿ, ಕೊನೆಗೆ ವೀಳ್ಯದೆಲೆಯಿಂದಲೂ ವೈನ್ ಮಾಡುವ ಕೈಗಳಿವೆ. ಹೆಚ್ಚಾಗಿ ಅವು ಹೆಂಗಸರ ಕೈಗಳೇ. ಮಂಗಳೂರಿನ ಕ್ರೈಸ್ತರಲ್ಲಿ, ಬೆಂಗಳೂರಿನ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್ ಕೇಕಿಗೆ ಜೊತೆಯಾಗುವುದು ಮನೆಯ ವೈನೇ. ಇಗರ್ಜಿಯ ಪೂಜೆಯಲ್ಲಂತೂ ಅದಕ್ಕೆ ಪವಿತ್ರ ಸ್ಥಾನ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಸುತ್ತ ಬೆಳೆಯುವ 'ಬೆಂಗಳೂರು ಬ್ಲೂ' ದ್ರಾಕ್ಷಿ ನಿಮಗೆ ಗೊತ್ತೇ ಇದೆ. ದಪ್ಪ ಸಿಪ್ಪೆ, ಒಳಗೆ ಬೀಜ, ಬಾಯಿಗಿಟ್ಟರೆ ಸಿಹಿಹುಳಿ. ಮನೆಯ ವೈನಿಗೆ ಈ ಹಣ್ಣೇ ಹೆಚ್ಚು ಬಳಕೆ. ನಂದಿ ಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಗ್ರೋವರ್ ಕಂಪನಿ ಶುರುವಾಯಿತು. ಅವರು ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ತಂದು ನಮ್ಮ ಮಣ್ಣಿನಲ್ಲಿ ಬೆಳೆಸಿದರು. ವಿಜಯಪುರ, ಬಾಗಲಕೋಟೆ ಕಡೆಯೂ ದ್ರಾಕ್ಷಿ ತೋಟಗಳು ಹಬ್ಬಿದವು.

ಒಂದು ವಿಚಿತ್ರ ಗಮನಿಸಿ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಗಂಡನ ಕೂಲಿಯೆಲ್ಲ ಸಾರಾಯಿ ಅಂಗಡಿಗೆ ಸುರಿಯುವುದನ್ನು ಕಂಡು ಕಣ್ಣೀರಿಟ್ಟಿದ್ದ ಎಷ್ಟೋ ಹೆಂಗಸರು ಆಗ ನಿಟ್ಟುಸಿರು ಬಿಟ್ಟರು. ಅದೇ 2007ರಲ್ಲಿ ದ್ರಾಕ್ಷಿ ಬೆಳೆಗಾರರಿಗೆ ನೆರವಾಗಲೆಂದು ಸರ್ಕಾರದ ವೈನ್ ನೀತಿಯೂ ಬಂತು! ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದ ಹಾಗೆ. ರೈತನಿಗೆ ಬೆಲೆ ಸಿಗಲಿ, ಬೇಡ ಎನ್ನುವುದಿಲ್ಲ. ಆದರೆ ವೈನಿಗೆ ಸಿಕ್ಕ ಮರ್ಯಾದೆಯಿಂದಾಗಿ ಅದು ಮದ್ಯವೇ ಅಲ್ಲ ಎನ್ನುವ ಭಾವನೆಯೂ ಬೆಳೆಯಿತು.

ಅತ್ತೆಯ ಬಾಟಲಿ

ನಗು ಬರುವ ಸಂಗತಿ ಕೇಳಿ. ಅವತ್ತು ರಾತ್ರಿ ಊಟವಾದ ಮೇಲೆ ಅತ್ತೆ ಎಂದಿನಂತೆ ಕಪಾಟಿನಿಂದ ದ್ರಾಕ್ಷಾರಿಷ್ಟದ ಬಾಟಲಿ ತೆಗೆದು, ಮುಚ್ಚಳದಲ್ಲಿ ಅಳೆದು, ಅಷ್ಟೇ ನೀರು ಬೆರೆಸಿ ಕುಡಿದರು. ನನಗೆ ಏನೋ ಹೊಳೆಯಿತು. ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. "ತಾನಾಗಿ ಉತ್ಪತ್ತಿಯಾದ ಆಲ್ಕೋಹಾಲ್" ಎಂದು ಶೇಕಡಾವಾರು ಲೆಕ್ಕ ಸಣ್ಣಕ್ಷರದಲ್ಲಿ ಇದೆ!

ಅರಿಷ್ಟ, ಆಸವಗಳೆಲ್ಲ ಹೀಗೆಯೇ. ದ್ರಾಕ್ಷಿ, ಬೆಲ್ಲ, ಧಾತಕಿ ಹೂವು ಸೇರಿಸಿ ಹುದುಗಿಸುತ್ತಾರೆ. "ಅಯ್ಯೋ ಹಾಗಾದರೆ ಇಷ್ಟು ವರ್ಷ ನಾನು ಕುಡಿದದ್ದು?" ಎಂದು ಅತ್ತೆ ಗಾಬರಿಯಾದರು. ವೈದ್ಯರು ಹೇಳಿದ ಅಳತೆಯಲ್ಲಿ ಔಷಧವಾಗಿ ತೆಗೆದುಕೊಂಡರೆ ಬೇರೆ ಮಾತು ಎಂದು ಸಮಾಧಾನ ಹೇಳಿದೆ. ಆದರೆ ಅತ್ತೆ ಒಂದು ಕ್ಷಣ ಸುಮ್ಮನಿದ್ದು, "ಇನ್ನು ಆ ಟೀಚರಮ್ಮನ ಬಗ್ಗೆ ಯಾರಾದರೂ ಆಡಿಕೊಂಡರೆ ನಾನು ಕೇಳುತ್ತೇನೆ ನೋಡು" ಎಂದರು. ಅಳತೆ ಮೀರಿ ಕುಡಿಯುವವರಿಗೂ, ಬಸುರಿಯರಿಗೂ, ಮಕ್ಕಳಿಗೂ ಅರಿಷ್ಟವನ್ನು ಕೇಳದೆ ಕೊಡಬಾರದು ಎನ್ನುವುದು ನಾನು ಆವತ್ತು ಕಲಿತ ಪಾಠ.

ಬರೀ ದ್ರಾಕ್ಷಿ ರಸವೇ?

ದೋಸೆ ಹಿಟ್ಟು ರಾತ್ರಿ ಉಬ್ಬುವುದಿಲ್ಲವೇ? ಕಣ್ಣಿಗೆ ಕಾಣದ ಜೀವಿಗಳ ಕೆಲಸ ಅದು. ದ್ರಾಕ್ಷಿ ರಸದಲ್ಲೂ ಯೀಸ್ಟ್ ಎನ್ನುವ ಜೀವಿ ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ಅನಿಲವನ್ನೂ ಬಿಡುತ್ತದೆ. ಸಿಪ್ಪೆಯ ಸಮೇತ ಹುದುಗಿಸಿದರೆ ಕೆಂಪು ವೈನು, ಆ ಒಗರೂ ಸಿಪ್ಪೆ ಬೀಜದ್ದೇ. ಸಿಪ್ಪೆ ತೆಗೆದು ರಸವನ್ನಷ್ಟೇ ಹುದುಗಿಸಿದರೆ ಬಿಳಿ ವೈನು.

ಈಗ ಅಡಿಗೆಮನೆಯ ಲೆಕ್ಕ ಹಾಕೋಣ. ಸಾಮಾನ್ಯ ವೈನಿನಲ್ಲಿ ಶೇ. 12ರಷ್ಟು ಆಲ್ಕೋಹಾಲ್. 150 ಮಿಲಿಲೀಟರಿನ ಒಂದು ಗ್ಲಾಸಿನಲ್ಲಿ 18 ಮಿಲಿಲೀಟರ್ ಆಯಿತು. ಶೇ. 5ರ ಬಿಯರ್ 330 ಮಿಲಿಲೀಟರ್ ಸಣ್ಣ ಬಾಟಲಿಯಲ್ಲಿ 16 ಚಿಲ್ಲರೆ. ಶೇ. 42.8ರ ವಿಸ್ಕಿ 45 ಮಿಲಿಲೀಟರಿನಲ್ಲಿ 19. ನೋಡಿದಿರಾ? ಗ್ಲಾಸಿನ ಅಂದಚೆಂದ ಬೇರೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಆದ್ದರಿಂದ "ನಾನು ಕುಡಿಯೋದು ವೈನ್ ಅಷ್ಟೇ ಕಣೇ" ಎಂದು ಯಾರಾದರೂ ದಿನಾ ಎರಡು ಮೂರು ಗ್ಲಾಸು ಏರಿಸಿದರೆ ಸುಮ್ಮನೆ ಒಪ್ಪಬೇಡಿ.

ಹೆಂಗಸರಿಗೆ ಇನ್ನೊಂದು ಮಾತಿದೆ. ಗಂಡಸಿನ ದೇಹಕ್ಕಿಂತ ನಮ್ಮ ದೇಹದಲ್ಲಿ ನೀರಿನ ಅಂಶ ಕಡಿಮೆ. ಅಷ್ಟೇ ಕುಡಿದರೂ ನಮ್ಮ ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಾಗುತ್ತದೆ. ಸಮಾನತೆಯ ಮಾತು ಇಲ್ಲಿ ನಡೆಯುವುದಿಲ್ಲ.

ಹೃದಯಕ್ಕೆ ಒಳ್ಳೆಯದಂತೆ?

1990ರ ದಶಕದಲ್ಲಿ ಈ ಮಾತು ಜಗತ್ತೆಲ್ಲ ಹರಡಿತು. ಫ್ರಾನ್ಸಿನವರು ಬೆಣ್ಣೆ, ಚೀಸು ಅಷ್ಟೊಂದು ತಿಂದರೂ ಅವರಿಗೆ ಹೃದ್ರೋಗ ಕಡಿಮೆ, ಕೆಂಪು ವೈನೇ ಕಾರಣವಿರಬೇಕು ಎಂದರು. ಆಮೇಲೆ ಕೂಲಂಕಷವಾಗಿ ನೋಡಿದಾಗ ಲೆಕ್ಕ ಸಡಿಲವಾಯಿತು. ಮಿತವಾಗಿ ಕುಡಿಯುವವರಲ್ಲಿ ಅನೇಕರು ಅನುಕೂಲಸ್ಥರು, ಚೆನ್ನಾಗಿ ಉಂಡು ಓಡಾಡಿಕೊಂಡಿದ್ದವರು. ಕುಡಿಯದವರ ಪಟ್ಟಿಯಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರಿದ್ದರು. ಹೋಲಿಕೆಯೇ ಸರಿಯಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮದ್ಯವನ್ನು 1988ರಲ್ಲೇ ಕ್ಯಾನ್ಸರ್ ಕಾರಕವೆಂದು ಪಟ್ಟಿಮಾಡಿತ್ತು. ಹೆಂಗಸರ ಸ್ತನ ಕ್ಯಾನ್ಸರಿಗೂ ಅದಕ್ಕೂ ನಂಟಿದೆ. 2023ರ ಜನವರಿಯಲ್ಲಿ ಅದೇ ಸಂಸ್ಥೆ, ಮದ್ಯ ಇಷ್ಟು ಕುಡಿದರೆ ಅಪಾಯವೇ ಇಲ್ಲ ಎನ್ನುವ ಅಳತೆ ಯಾವುದೂ ಇಲ್ಲವೆಂದು ಸಾರಿತು. ಒಂದು ತೊಟ್ಟು ಬಿದ್ದ ಮಾತ್ರಕ್ಕೆ ರೋಗ ಬರುತ್ತದೆಂದು ಇದರರ್ಥವಲ್ಲ. ಕುಡಿದಷ್ಟೂ ಅಪಾಯ ಹೆಚ್ಚು, ಔಷಧಿಯೆಂದು ಯಾರೂ ಶುರುಮಾಡಬಾರದು, ಅಷ್ಟೇ.

ಬಸುರಿ, ಬಾಣಂತಿಯರಿಗೆ ಬೇಡವೇ ಬೇಡ

ಇದನ್ನು ಬರೆಯಲೆಂದೇ ನಾನು ಪೆನ್ನು ಹಿಡಿದದ್ದು ಎಂದರೂ ತಪ್ಪಿಲ್ಲ. ನನ್ನ ಗೆಳತಿಯೊಬ್ಬಳು ಚೊಚ್ಚಲ ಬಸುರಿಯಾಗಿದ್ದಾಗ ಅವಳ ಹತ್ತಿರದ ಬಂಧುವೊಬ್ಬರು ಕೆಂಪು ವೈನಿನ ಬಾಟಲಿ ತಂದುಕೊಟ್ಟರು. "ರಾತ್ರಿ ಸ್ವಲ್ಪ ಕುಡಿ, ಮಗು ಕೆಂಪಗೆ ಹುಟ್ಟುತ್ತೆ, ನಿನಗೂ ರಕ್ತ ಆಗುತ್ತೆ" ಎಂದರಂತೆ. ಹಿರಿಯರ ಮಾತು ಮೀರುವುದು ಹೇಗೆಂದು ಅವಳು ಒಂದು ವಾರ ಕುಡಿದೂಬಿಟ್ಟಳು. ತಿಂಗಳ ತಪಾಸಣೆಗೆ ಹೋದಾಗ ಡಾಕ್ಟರಮ್ಮನಿಗೆ ಹೇಳಿದ್ದಕ್ಕೆ ಅವರು ಬೈಯಲಿಲ್ಲ, "ಇವತ್ತಿಗೇ ನಿಲ್ಲಿಸಿ" ಎಂದರು. ಮಗು ಹುಟ್ಟುವವರೆಗೂ ಅವಳಿಗೆ ನೆಮ್ಮದಿಯ ನಿದ್ದೆಯಿರಲಿಲ್ಲ. ದೇವರ ದಯೆ, ಮಗು ಚೆನ್ನಾಗಿದೆ. ಬಣ್ಣ ಅಪ್ಪನದೇ!

ತಾಯಿ ಕುಡಿದದ್ದು ಹೊಕ್ಕುಳಬಳ್ಳಿಯ ಮೂಲಕ ಕೂಸಿಗೂ ಹೋಗುತ್ತದೆ. ಅದರ ಮಿದುಳಿನ ಬೆಳವಣಿಗೆಗೆ ಪೆಟ್ಟಾಗಬಹುದು. ಹೀಗೆ ಹುಟ್ಟಿನಿಂದಲೇ ಬರುವ ತೊಂದರೆಗೆ ವೈದ್ಯರು 1973ರಲ್ಲಿ ಹೆಸರನ್ನೂ ಇಟ್ಟಿದ್ದಾರೆ. ಮಗುವಿನ ಬಣ್ಣ ಅಪ್ಪ ಅಮ್ಮಂದಿರಿಂದ ಬರುವುದೇ ಹೊರತು ಬಾಟಲಿಯಿಂದಲ್ಲ. ಕೆಂಪಗಿದೆ ಎಂದ ಮಾತ್ರಕ್ಕೆ ವೈನು ರಕ್ತವಾಗುವುದಿಲ್ಲ. ರಕ್ತ ಆಗಬೇಕೆಂದರೆ ಸೊಪ್ಪು, ಕಾಳು, ರಾಗಿ ತಿನ್ನಿ, ಪಲ್ಯಕ್ಕೆ ನಿಂಬೆ ಹಿಂಡಿ, ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ನುಂಗಿ.

ಬಾಣಂತಿಗೆ "ಮೈ ಬೆಚ್ಚಗಿರಲಿ" ಎಂದು ಪೋರ್ಟ್ ವೈನೋ ಬ್ರಾಂದಿಯೋ ಕೊಡುವ ಪದ್ಧತಿ ಕೆಲವು ಕಡೆ ಇದೆ. ಅದು ಎದೆಹಾಲಿಗೂ ಸೇರುತ್ತದೆ. ಬಿಸಿ ಸಾರನ್ನ, ಕಂಬಳಿ ಇದ್ದರೆ ಸಾಲದೇ? ಹಾಗೆಯೇ ನಿದ್ದೆ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ದೂರವಿರುವುದೇ ಕ್ಷೇಮ.

ಬೇಕು, ಬೇಡ: ಎರಡಕ್ಕೂ ಮರ್ಯಾದೆ

ರುಚಿ ಎನ್ನುವುದು ಅವರವರದು. ಹಾಗಲಕಾಯಿ ಗೊಜ್ಜು ನನಗೆ ಪ್ರಾಣ, ನಮ್ಮವರಿಗೆ ಆಗದು. ವೈನೂ ಹಾಗೇ. ಅದರ ಒಗರು, ಹುಳಿ ಹಿಡಿಸಿದವರು ಇದ್ದಾರೆ, ಹಿಡಿಸದವರೂ ಇದ್ದಾರೆ. ಹಬ್ಬಕ್ಕೊಮ್ಮೆ ಒಂದು ಗುಟುಕು ಕುಡಿದಳೆಂದು ಒಬ್ಬಳ ನಡತೆಯನ್ನು ತೂಗುವುದು ಸಣ್ಣತನ. ಕುಡಿಯುವುದಿಲ್ಲ ಎಂದವಳನ್ನು ಹಳ್ಳಿಗುಗ್ಗು ಎನ್ನುವುದು ಅದಕ್ಕಿಂತ ಸಣ್ಣತನ.

ಬೇಡವಾದರೆ ಕಾರಣ ಕೊಡಬೇಕಾಗಿಲ್ಲ. "ನನಗೆ ಒಗ್ಗುವುದಿಲ್ಲ, ಜ್ಯೂಸ್ ಇದ್ದರೆ ಕೊಡಿ" ಎಂದು ನಗುತ್ತಾ ಹೇಳಿ, ಮಾತು ಬದಲಿಸಿ. ನಮ್ಮತ್ತೆ ಮಾಡಿದ್ದೂ ಅದನ್ನೇ. ಯಜಮಾನರ ಸಾಹೇಬರು ಒತ್ತಾಯಿಸಿದರು ಎಂದು ಕುಡಿಯಬೇಡಿ. ಪಾರ್ಟಿಗೆ ಹೊರಡುವ ಮುಂಚೆಯೇ ಯಜಮಾನರಿಗೆ ಮನಸ್ಸಿನ ಮಾತು ಹೇಳಿಡಿ, ಅಲ್ಲಿ ಅವರೇ ನಿಮ್ಮ ಪರ ನಿಲ್ಲಲಿ.

ನೀವೇ ಕೊಡುವವರಾದರೆ ಪಕ್ಕದಲ್ಲೇ ಪಾನಕವನ್ನೂ ಇಡಿ, ಎರಡನೇ ಸಲ ಒತ್ತಾಯಿಸಬೇಡಿ. ವೈನು, ರಮ್ಮಿನಲ್ಲಿ ನೆನೆಸಿದ ಹಣ್ಣಿನ ಕೇಕಾದರೆ ಮೊದಲೇ ತಿಳಿಸಿ. ಬೇಯಿಸಿದ ಮಾತ್ರಕ್ಕೆ ಅದೆಲ್ಲ ಆವಿಯಾಗುವುದಿಲ್ಲ, ಸ್ವಲ್ಪ ಉಳಿದೇ ಇರುತ್ತದೆ. ಬಾಟಲಿಯನ್ನು ಮಕ್ಕಳ ಕೈಗೆ ಎಟುಕದ ಹಾಗೆ ಇಡಿ. ಮನೆಯ ವೈನನ್ನು ಪರವಾನಗಿಯಿಲ್ಲದೆ ಮಾರುವುದು ಅಪರಾಧ ಎನ್ನುವುದೂ ನೆನಪಿರಲಿ.

ಇನ್ನು ನಿಮ್ಮ ಮನೆಯಲ್ಲೇ ಯಾರಾದರೂ ವೈನೆಂದು ಶುರುಮಾಡಿ ಬಿಡಲಾಗದ ಹಂತ ತಲುಪಿದ್ದರೆ, ಮುಚ್ಚಿಟ್ಟುಕೊಂಡು ಒಳಗೇ ಬೇಯಬೇಡಿ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಕೊನೆಗೆ, ಹಬ್ಬಕ್ಕೆ ಎಲ್ಲರೂ ಒಟ್ಟಿಗೆ ಲೋಟ ಎತ್ತುವ ಹಾಗೆ ನಾನು ಈ ಸಲ ಮಾಡಿದ ಪಾನಕ ಇಲ್ಲಿದೆ. ಟೀಚರ ಮನೆಗೂ ಒಂದು ಬಾಟಲಿ ಹೋಯಿತು. "ಬಣ್ಣ ನೋಡಿ ನಮ್ಮೆಜಮಾನರು ಮೋಸಹೋದರು!" ಎಂದು ಅವರು ನಕ್ಕದ್ದೇ ನಕ್ಕದ್ದು.

ನೀಲಿ ದ್ರಾಕ್ಷಿಯ ಪಾನಕ

ಬೇಕಾಗುವ ಸಾಮಾನು: ಬೆಂಗಳೂರು ಬ್ಲೂ ದ್ರಾಕ್ಷಿ 1 ಕಿಲೋ, ಸಕ್ಕರೆ 250 ಗ್ರಾಂ, ನೀರು 2 ಲೋಟ, ಲವಂಗ 4, ಚಕ್ಕೆ ಒಂದು ತುಂಡು, ಜಜ್ಜಿದ ಶುಂಠಿ ಅರ್ಧ ಅಂಗುಲ, ನಿಂಬೆಹಣ್ಣು 1, ಚಿಟಿಕೆ ಉಪ್ಪು.

ಮಾಡುವ ವಿಧಾನ: ದ್ರಾಕ್ಷಿಯನ್ನು ಬಿಡಿಸಿ, ಉಪ್ಪುನೀರಿನಲ್ಲಿ ನೆನೆಸಿ, ಎರಡು ಮೂರು ಸಲ ತೊಳೆಯಿರಿ. ನೀರು, ಲವಂಗ, ಚಕ್ಕೆ, ಶುಂಠಿ ಹಾಕಿ ಸಣ್ಣ ಉರಿಯಲ್ಲಿ ಸಿಪ್ಪೆ ಒಡೆಯುವವರೆಗೆ, ಸುಮಾರು 10 ನಿಮಿಷ ಬೇಯಿಸಿ. ಆರಿದ ಮೇಲೆ ಕೈಯಿಂದ ಕಿವುಚಿ ತೆಳು ಬಟ್ಟೆಯಲ್ಲಿ ಸೋಸಿ. ಬೀಜ ಅರೆಯಬೇಡಿ, ಕಹಿಯಾಗುತ್ತದೆ. ರಸಕ್ಕೆ ಸಕ್ಕರೆ, ಉಪ್ಪು ಸೇರಿಸಿ ಒಂದು ಕುದಿ ಬರಿಸಿ ಇಳಿಸಿ. ಪೂರ್ತಿ ತಣ್ಣಗಾದ ಮೇಲೆ ನಿಂಬೆರಸ ಹಿಂಡಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಕುಡಿಯುವಾಗ ಒಂದು ಪಾಲು ರಸಕ್ಕೆ ಒಂದು ಪಾಲು ತಣ್ಣೀರು ಬೆರೆಸಿ.

ನಾಲ್ಕೈದು ದಿನದೊಳಗೆ ಮುಗಿಸಿಬಿಡಿ. ನೊರೆ ಎದ್ದು ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಪಾನಕ ಆಗಲೇ ವೈನಾಗಲು ಹೊರಟಿದೆ ಎಂದರ್ಥ!