ಮನೆಯ ಟೇಪಿನಿಂದ ದೇಹದ ಕೊಬ್ಬಿನ ಅಂದಾಜು: ಅಬಲೂರಿನಲ್ಲಿ ಮಾಡಿದ ಒಂದು ಗಣಿತ ಪಾಠ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಅಬಲೂರು. ಒಂಬತ್ತನೆಯ ತರಗತಿಗೆ ಅನುಪಾತ ಹಾಗೂ ಶೇಕಡಾ ಕುರಿತ ಅನ್ವಯಿಕ ಪಾಠ ಮಾಡಬೇಕಿತ್ತು. ಲಾಭ-ನಷ್ಟದ ಲೆಕ್ಕ ಬಿಟ್ಟು, ದೇಹದ ತೂಕದಲ್ಲಿ ಕೊಬ್ಬು ಶೇಕಡಾ ಎಷ್ಟಿದೆ ಎಂದು ಮನೆಯಲ್ಲೇ ಅಂದಾಜು ಮಾಡುವ ವಿಧಾನವನ್ನು ಆರಿಸಿಕೊಂಡೆ. ಬೋಧನೋಪಕರಣ ಒಂದೇ, ಸಿಂಪಿಗರ ಟೇಪು.

ನನ್ನ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಪಾಠ ಯೋಜನೆಯ ಚಟುವಟಿಕೆ ಅಂಕಣದಲ್ಲಿ ‘ಇಬ್ಬರು ವಿದ್ಯಾರ್ಥಿಗಳ ಸೊಂಟದ ಸುತ್ತಳತೆ ತೆಗೆಯುವುದು’ ಎಂದು ಬರೆದಿದ್ದೆ. ಟೇಪು ಹೊರತೆಗೆದ ಕೂಡಲೇ ಹಿಂದಿನ ಸಾಲಿನಿಂದ ಯಾರೋ ಒಬ್ಬ ಹುಡುಗನ ಹೆಸರು ಕೂಗಿದರು. ತರಗತಿ ನಕ್ಕಿತು. ಆ ಹುಡುಗ ಎದ್ದು ನಿಂತನೇ ಹೊರತು ಮುಂದೆ ಬರಲಿಲ್ಲ, ಅಂಗಿಯ ಅಂಚನ್ನು ಕೆಳಕ್ಕೆ ಎಳೆದುಕೊಳ್ಳುತ್ತಿದ್ದ. ಅವನನ್ನು ಕೂಡಿಸಿ ಟೇಪನ್ನು ನನ್ನ ಸೊಂಟಕ್ಕೇ ಸುತ್ತಿಕೊಂಡೆ. ಸೂತ್ರವನ್ನು ಸರಿಯಾಗಿ ಓದಿಕೊಂಡು ಹೋಗಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ. ಅದು 20 ವರ್ಷ ತುಂಬಿದವರಿಗಾಗಿ ಮಾಡಿದ್ದು; ಬೆಳೆಯುವ ಮಕ್ಕಳಿಗೆ ಹೊಂದುವುದಿಲ್ಲ. ಗರ್ಭಿಣಿಯರಿಗೂ ಅಷ್ಟೇ.

ಸೂತ್ರ ಸರಳವಾಗಿದೆ. ಎತ್ತರವನ್ನು ಸೊಂಟದ ಸುತ್ತಳತೆಯಿಂದ ಭಾಗಿಸಿ, ಬಂದದ್ದನ್ನು 20ರಿಂದ ಗುಣಿಸಬೇಕು. ಗಂಡಸರಾದರೆ ಅದನ್ನು 64ರಿಂದ ಕಳೆಯಬೇಕು, ಹೆಂಗಸರಾದರೆ 76ರಿಂದ. ಹೆಂಗಸರ ದೇಹದಲ್ಲಿ ಸಹಜವಾಗಿಯೇ ಕೊಬ್ಬಿನ ಪಾಲು ಹೆಚ್ಚು, ಅದಕ್ಕೇ ಈ 12ರ ವ್ಯತ್ಯಾಸ. 2018ರಲ್ಲಿ ಅಮೆರಿಕದ ಸಂಶೋಧಕರಾದ ವೂಲ್ಕಾಟ್ ಮತ್ತು ಬರ್ಗ್‌ಮನ್ ಮುನ್ನೂರಕ್ಕೂ ಹೆಚ್ಚು ಅಳತೆ-ಸೂತ್ರಗಳನ್ನು ಡೆಕ್ಸಾ ಸ್ಕ್ಯಾನಿನ ಫಲಿತಾಂಶದೊಂದಿಗೆ ಹೋಲಿಸಿ ಇದನ್ನು ಆಯ್ದುಕೊಟ್ಟರು. ಕುತ್ತಿಗೆಯ ಅಳತೆಯನ್ನೂ ಸೇರಿಸಿಕೊಳ್ಳುವ ಅಮೆರಿಕದ ನೌಕಾಪಡೆಯ ಸೂತ್ರ ಇನ್ನೂ ಹಳೆಯದು. ಅದಕ್ಕೆ ಲಾಗರಿದಮ್ ಬೇಕು, ಹಾಗಾಗಿ ಕೈಬಿಟ್ಟೆ.

ನನ್ನ ಎತ್ತರ 168 ಸೆಂ.ಮೀ., ಸೊಂಟ 88. ಭಾಗಿಸಿದರೆ 1.91, 20ರಿಂದ ಗುಣಿಸಿದರೆ 38.2, 64ರಿಂದ ಕಳೆದರೆ 25.8. ಗಂಡಸರಲ್ಲಿ ಶೇ. 25 ದಾಟಿದರೆ ಕೊಬ್ಬು ಹೆಚ್ಚೆಂದು ಸಾಮಾನ್ಯವಾಗಿ ಎಣಿಸುತ್ತಾರೆ. “ಸರ್, ನೀವು ಸಣಕಲು ಅದೀರಲ್ರಿ!” ಎಂದಳು ಮುಂದಿನ ಬೆಂಚಿನ ಹುಡುಗಿ. ನಿಜ. ನನ್ನ ತೂಕ 62 ಕೆ.ಜಿ., ಬಿಎಂಐ 22. ಆ ಲೆಕ್ಕದಲ್ಲಿ ನಾನು ಸರಿಯಾಗಿಯೇ ಇದ್ದೇನೆ.

ಇಲ್ಲಿ ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರ ಉದಾಹರಣೆ ಕೊಟ್ಟೆ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರೂ ಇಂಗ್ಲೆಂಡಿನ ಜಾನ್ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತ ಚಿತ್ರ ಪ್ರಕಟವಾಯಿತು. ಇಬ್ಬರ ಬಿಎಂಐಯೂ 22.3. ಕೊಬ್ಬು ಮಾತ್ರ ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ತೂಕದ ಯಂತ್ರಕ್ಕೆ ಕಾಣದ್ದು ಸೊಂಟದ ಟೇಪಿಗೆ ಸ್ವಲ್ಪವಾದರೂ ಸಿಗುತ್ತದೆ. ತೆಳ್ಳಗಿದ್ದೇವೆಂದು ನೆಮ್ಮದಿಯಾಗಿರುವ ನಮ್ಮಂಥವರಿಗೆ, ಸಕ್ಕರೆ ಕಾಯಿಲೆ ಮನೆಮನೆಗೂ ಬಂದಿರುವ ಈ ಕಾಲದಲ್ಲಿ, ಇದು ಬರೀ ಗಣಿತವಲ್ಲ.

ಆದರೆ ಟೇಪು ಎಲ್ಲಿ ಹಿಡಿಯಬೇಕು? ಪಾಠದ ಅರ್ಧ ಸಮಯ ಇದಕ್ಕೇ ಹೋಯಿತು, ಹೋಗಲೂಬೇಕು. ಪ್ಯಾಂಟಿನ ಬೆಲ್ಟಿನ ಜಾಗದಲ್ಲಿ, ಅಂದರೆ ಹೊಟ್ಟೆಯ ಕೆಳಗೆ, ಅಳೆದರೆ ನನ್ನದು 84 ಬರುತ್ತದೆ. ಆಗ ಉತ್ತರ ಸರಿಯಾಗಿ 24, ನಾನು ಪಾಸು! ಈ ಸೂತ್ರಕ್ಕೆ ಅಳೆಯಬೇಕಾದದ್ದು ಸೊಂಟದ ಎಲುಬಿನ ಮೇಲಂಚಿನ ನೇರಕ್ಕೆ. ಟೇಪು ಸುತ್ತಲೂ ಒಂದೇ ಮಟ್ಟದಲ್ಲಿರಬೇಕು, ಚರ್ಮವನ್ನು ಒತ್ತಬಾರದು, ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಓದಬೇಕು. ಹೊಟ್ಟೆ ಎಳೆದುಕೊಂಡರೆ ಲೆಕ್ಕ ಕೆಟ್ಟಿತು.

ಅಂದಾಜು ಎಂಬ ಮಾತನ್ನು ಹೇಗೆ ವಿವರಿಸಲಿ ಎಂದು ಯೋಚಿಸುತ್ತಿದ್ದಾಗ ಒಬ್ಬ ಹುಡುಗನೇ ದಾರಿ ತೋರಿಸಿದ. “ನಮ್ಮಪ್ಪ ಗೋವಿನಜೋಳ ಹಲ್ಲಿಂದ ಕಡದು ಹಸಿ ಎಷ್ಟೈತಿ ಅಂತ ಹೇಳ್ತಾನ್ರಿ. ಪ್ಯಾಟ್ಯಾಗ ಮಷೀನ್‌ನಾಗ ಇಟ್ರ ಒಂದೀಟು ಬ್ಯಾರೆ ಬರ್ತೈತ್ರಿ.” ನನ್ನ ಯೋಜನೆಯಲ್ಲಿದ್ದ ವ್ಯಾಖ್ಯೆಗಿಂತ ಇದು ಎಷ್ಟೋ ಚೆನ್ನಾಗಿತ್ತು. ಡೆಕ್ಸಾ ಸ್ಕ್ಯಾನ್ ಪೇಟೆಯ ಮಷೀನು, ಟೇಪು ಅಪ್ಪನ ಹಲ್ಲು. ಅದರ ಮೇಲೆ, ಈ ಸೂತ್ರವನ್ನು ರೂಪಿಸಿದ್ದು ಅಮೆರಿಕದ ಜನರ ಅಳತೆಗಳಿಂದ. ನಮ್ಮ ಮೈಕಟ್ಟಿಗೆ ಅದು ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕೆಂದೇನೂ ಇಲ್ಲ.

ಮನೆಗೆಲಸವಾಗಿ, ಮನೆಯ ದೊಡ್ಡವರಲ್ಲಿ ಒಪ್ಪಿದ ಒಬ್ಬರನ್ನು ಮೂರು ಸಲ ಅಳೆದು ತರಲು ಹೇಳಿದೆ. ಚೀಟಿಯ ಮೇಲೆ ಹೆಸರು ಬೇಡ, ಗಂಡೋ ಹೆಣ್ಣೋ ಎಂದಿದ್ದರೆ ಸಾಕು. ಮರುದಿನ ಬಂದ ಒಂದು ಚೀಟಿಯಲ್ಲಿ ಎತ್ತರ 165, ಸೊಂಟ 91, 88, 89 ಎಂದಿತ್ತು. ಯಾವುದು ಖರೆ ಎಂದು ತರಗತಿಯಲ್ಲಿ ವಾದವೇ ನಡೆಯಿತು. 91ಕ್ಕೆ ಉತ್ತರ 27.7, 88ಕ್ಕೆ 26.5. ಸರಾಸರಿ ಹಿಡಿದು ಕ್ಯಾಲ್ಕುಲೇಟರಿನಲ್ಲಿ 27.05 ಎಂದು ಬರೆದವರಿಗೆ, ಅಳತೆಯೇ ಮೂರು ಸೆಂಟಿಮೀಟರ್ ಅಲುಗುತ್ತಿರುವಾಗ ದಶಮಾಂಶದ ಎರಡನೆಯ ಸ್ಥಾನಕ್ಕೆ ಏನರ್ಥ ಎಂದು ಕೇಳಿದೆ. ‘ಸುಮಾರು 27’ ಎಂದು ತಿದ್ದಿಕೊಂಡರು.

ಲೆಕ್ಕ ಬೇಡವೆನ್ನುವವರಿಗೆ ದಾರವೊಂದು ಸಾಕು. ಎತ್ತರದಷ್ಟು ದಾರ ಕತ್ತರಿಸಿ, ಎರಡು ಮಡಿಕೆ ಮಾಡಿ ಸೊಂಟಕ್ಕೆ ಸುತ್ತಿ ನೋಡುವುದು. ತುದಿಗಳು ಕೂಡದಿದ್ದರೆ ಸೊಂಟ ಎತ್ತರದ ಅರ್ಧವನ್ನು ದಾಟಿದೆ ಎಂದರ್ಥ. ಸರಿಯಾಗಿ ಅರ್ಧವಿದ್ದರೆ ಅನುಪಾತ 2. ಸೂತ್ರದ ಪ್ರಕಾರ ಗಂಡಸರಿಗೆ 24, ಹೆಂಗಸರಿಗೆ 36. ಇದನ್ನು ಮಕ್ಕಳೇ ಕಂಡುಹಿಡಿಯಲಿ, ಮೊದಲೇ ಹೇಳಬೇಡಿ.

ಎರಡನೆಯ ವಿಭಾಗಕ್ಕೆ ಇದೇ ಪಾಠ ಮಾಡುವಾಗ ಚಟುವಟಿಕೆ ಅಂಕಣವನ್ನು ಹೊಡೆದುಹಾಕಿ ‘ಶಿಕ್ಷಕರ ಸೊಂಟ’ ಎಂದು ಬರೆದೆ. ನಕ್ಕರು, ನನ್ನನ್ನು ನೋಡಿ.